ವಿದೇಶಿ ನೆರವು ಮತ್ತು ಸಾಲ ಮನ್ನಾ: ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆ ಕಲಿಸುವ ಪಾಠ

ಬಳ್ಳಾರಿ: ಕರಾವಳಿಯ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಬಳ್ಳಾರಿ ಎಂದರೆ ಬಿಸಿಲು, ಕೋಟೆ ಮತ್ತು ಗಣಿಯ ಧೂಳು. ಆದರೆ ಬಡ ರಾಷ್ಟ್ರಗಳಿಗೆ ಹೊರಗಿನಿಂದ ಬರುವ ಹಣ ಏನು ಮಾಡಬಲ್ಲದು, ಏನು ಮಾಡಲಾರದು, ಸಾಲ ಮನ್ನಾ ಆದ ಮೇಲೂ ಸಾಲ ಏಕೆ ಮರಳಿ ಬರುತ್ತದೆ ಎಂಬ ಪ್ರಶ್ನೆಗಳಿಗೆ ಈ ಸೀಮೆಯ ಚರಿತ್ರೆಯಲ್ಲೇ ಉತ್ತರಗಳಿವೆ. ಬರಗಾಲದ ಪರಿಹಾರ ನಿಧಿ, ಅಮೆರಿಕದ ಗೋಧಿ, ವಿಶ್ವಬ್ಯಾಂಕ್ ಮತ್ತು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ, ರೈತರ ಸಾಲ ಮನ್ನಾ, ಇವೆಲ್ಲವನ್ನೂ ಬಳ್ಳಾರಿ ಕಂಡಿದೆ. ಈ ಲೇಖನದಲ್ಲಿ ಆ ಅನುಭವವನ್ನು ಮುಂದಿಟ್ಟುಕೊಂಡು ವಿಷಯವನ್ನು ಸರಳವಾಗಿ ವಿವರಿಸಲು ಪ್ರಯತ್ನಿಸಲಾಗಿದೆ.

ನೆರವು ಎಂದರೆ ಯಾವುದು?

ಪತ್ರಿಕೆಗಳಲ್ಲಿ "ವಿದೇಶಿ ನೆರವು" ಎಂಬ ಒಂದೇ ಪದ ಬಳಕೆಯಾದರೂ ಅದರೊಳಗೆ ಬೇರೆ ಬೇರೆ ಬಗೆಯ ಹಣವಿದೆ. ಮೊದಲನೆಯದು ಅನುದಾನ. ಇದನ್ನು ಹಿಂತಿರುಗಿಸಬೇಕಾಗಿಲ್ಲ. ಎರಡನೆಯದು ರಿಯಾಯಿತಿ ಸಾಲ. ವಿಶ್ವಬ್ಯಾಂಕ್ ಸಮೂಹದಲ್ಲಿ 1960ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ, ಅಂದರೆ ಐಡಿಎ, ಬಹಳ ವರ್ಷಗಳ ಅವಧಿಗೆ ಶೇ. 0.75ರಷ್ಟು ಸೇವಾ ಶುಲ್ಕದಲ್ಲಿ ಬಡ ರಾಷ್ಟ್ರಗಳಿಗೆ ಸಾಲ ಕೊಡುತ್ತಾ ಬಂದಿದೆ. ಮೂರನೆಯದು ಮಾರುಕಟ್ಟೆಯ ಬಡ್ಡಿದರಕ್ಕೆ ಹತ್ತಿರವಾದ ಸಾಲ. ನಾಲ್ಕನೆಯದು ಆಹಾರ, ಔಷಧ, ಯಂತ್ರೋಪಕರಣ, ತಜ್ಞರ ಸೇವೆ ಮುಂತಾದ ವಸ್ತುರೂಪದ ನೆರವು. ಇವಲ್ಲದೆ ಸ್ವಯಂಸೇವಾ ಸಂಸ್ಥೆಗಳ ಮೂಲಕ ಜನರಿಂದ ಜನರಿಗೆ ತಲುಪುವ ದೇಣಿಗೆಯೂ ಇದೆ.

ಶ್ರೀಮಂತ ರಾಷ್ಟ್ರಗಳು ತಮ್ಮ ರಾಷ್ಟ್ರೀಯ ಆದಾಯದ ಶೇ. 0.7ರಷ್ಟನ್ನು ನೆರವಿಗೆ ಮೀಸಲಿಡಬೇಕೆಂದು ವಿಶ್ವಸಂಸ್ಥೆ 1970ರಲ್ಲಿ ಗುರಿ ನಿಗದಿಪಡಿಸಿತು. ಅರ್ಧ ಶತಮಾನ ಕಳೆದರೂ ಆ ಗುರಿ ಮುಟ್ಟಿದ ದೇಶಗಳನ್ನು ಬೆರಳಲ್ಲಿ ಎಣಿಸಬಹುದು.

ಸಾಲದ ವಿಷಯದಲ್ಲಿ ದೇಶಕ್ಕೂ ರೈತನಿಗೂ ಒಂದು ಹೋಲಿಕೆಯಿದೆ. ಸಿರುಗುಪ್ಪದ ಗೇಣಿ ರೈತ ಬೀಜ, ಗೊಬ್ಬರಕ್ಕೆ ದಲಾಲಿ ಅಂಗಡಿಯಲ್ಲಿ ಸಾಲ ತಂದರೆ, ಭತ್ತವನ್ನು ಅದೇ ಅಂಗಡಿಗೆ ಹಾಕಬೇಕಾಗುತ್ತದೆ. ಬೆಲೆ ಬಿದ್ದ ವರ್ಷ ಸಾಲ ಉಳಿಯುತ್ತದೆ, ಬಡ್ಡಿ ಸೇರಿ ಬೆಳೆಯುತ್ತದೆ. ತಾಮ್ರವನ್ನೋ ಕಾಫಿಯನ್ನೋ ಮಾರಿ ಬದುಕುವ ದೇಶದ ಗತಿಯೂ ಹೀಗೆಯೇ. ಅದು ಡಾಲರಿನಲ್ಲಿ ಸಾಲ ತರುತ್ತದೆ, ಒಂದೇ ಸರಕು ಮಾರಿ ಡಾಲರ್ ಗಳಿಸುತ್ತದೆ. ಸರಕಿನ ಬೆಲೆಯನ್ನು ನಿರ್ಧರಿಸುವವರು ಬೇರೆಯವರು.

1877ರ ಬರ: ನೆರವಿನ ಮೊದಲ ಪಾಠ

1876ರಿಂದ 1878ರವರೆಗಿನ ಮಹಾ ಬರಗಾಲದಲ್ಲಿ ದಕ್ಷಿಣ ಭಾರತದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲೊಂದು. 1877ರ ಆರಂಭದಲ್ಲಿ ಸರ್ಕಾರ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದರು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತ ಕಡಿಮೆ. ಅಷ್ಟರಲ್ಲಿ ಕಲ್ಲು ಒಡೆದು ಮಣ್ಣು ಹೊರಬೇಕಿತ್ತು. ಅದೇ ವೇಳೆ ದೇಶದಿಂದ ಹೊರಕ್ಕೆ ಧಾನ್ಯದ ರಫ್ತು ನಡೆದೇ ಇತ್ತು.

ಅದೇ ವರ್ಷ ಮದರಾಸು ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಅವರ ಮನವಿಗೆ ಓಗೊಟ್ಟು ಲಂಡನ್ನಿನಲ್ಲಿ ಮ್ಯಾನ್ಷನ್ ಹೌಸ್ ನಿಧಿ ಆರಂಭವಾಯಿತು. ಬ್ರಿಟನ್ನಿನ ಸಾಮಾನ್ಯ ಜನರೂ ದೇಣಿಗೆ ಕೊಟ್ಟರು. ಆ ನಿಧಿಯಿಂದ ಅನಾಥರಿಗೆ, ಕೂಲಿಗೆ ಬರಲಾಗದ ಬಡವರಿಗೆ ಸಹಾಯ ಸಿಕ್ಕಿತು. ಮಳೆ ಬಂದ ಮೇಲೆ ರೈತರಿಗೆ ಬಿತ್ತನೆ ಬೀಜ ಮತ್ತು ಎತ್ತು ಕೊಳ್ಳಲು ಹಣ ಸಿಕ್ಕಿತು. ಮಾನವೀಯ ನೆರವು ಜೀವ ಉಳಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಬರಕ್ಕೆ ಕಾರಣವಾದ ನೀರಿನ ಕೊರತೆಯಾಗಲಿ, ರೈತನ ಮೇಲಿದ್ದ ಕಂದಾಯದ ಹೊರೆಯಾಗಲಿ ಆ ನಿಧಿಯಿಂದ ತೀರುವಂಥದಾಗಿರಲಿಲ್ಲ.

ಅದಕ್ಕೆ ಬೇಕಾಗಿದ್ದುದು ನೀರಾವರಿ. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಆಲೋಚನೆ 1860ರ ಸುಮಾರಿಗೇ ಸರ್ ಆರ್ಥರ್ ಕಾಟನ್ ಅವರಿಂದ ಬಂದಿತ್ತು. ಕೆಲಸಕ್ಕೆ ಅಡಿಗಲ್ಲು ಬಿದ್ದದ್ದು ಮಾತ್ರ 28 ಫೆಬ್ರವರಿ 1945ರಂದು. ಮದರಾಸು ಮತ್ತು ಹೈದರಾಬಾದ್ ಸರ್ಕಾರಗಳು ಜಂಟಿಯಾಗಿ ಕೈಗೊಂಡ ಈ ಕಾಮಗಾರಿಯಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಬಲದಂಡೆಯ ಕೆಳಮಟ್ಟದ ಕಾಲುವೆ ಕುರುಗೋಡು, ಸಿರುಗುಪ್ಪ ಭಾಗಕ್ಕೆ ನೀರುಣಿಸಿ ಆಂಧ್ರದ ಕರ್ನೂಲು ಕಡೆಗೆ ಸಾಗುತ್ತದೆ. ಮೇಲ್ಮಟ್ಟದ ಕಾಲುವೆ ಬಳ್ಳಾರಿಯ ಮೂಲಕ ಅನಂತಪುರದತ್ತ ಹೋಗುತ್ತದೆ. ಒಣಜೋಳ, ಹತ್ತಿಯ ಎರೆಭೂಮಿಯಾಗಿದ್ದ ಸಿರುಗುಪ್ಪ ಭತ್ತದ ಕಣಜವಾಯಿತು. ಆಂಧ್ರದ ಕರಾವಳಿಯಿಂದ ಬಂದ ರೈತರ ಕ್ಯಾಂಪುಗಳು, ಅಕ್ಕಿ ಗಿರಣಿಗಳು ತಲೆಯೆತ್ತಿದವು.

ಬರ ಪರಿಹಾರ ಒಂದು ವರ್ಷ ಜೀವ ಉಳಿಸಿತು, ಕಾಲುವೆ ತಲೆಮಾರುಗಳ ಬದುಕು ಬದಲಿಸಿತು. ಎರಡೂ ಬೇಕು. ಆದರೆ ಒಂದನ್ನು ಇನ್ನೊಂದೆಂದು ತಿಳಿಯಬಾರದು.

ಅಮೆರಿಕದ ಗೋಧಿ ಮತ್ತು 1,664 ಕೋಟಿ ರೂ. ಚೆಕ್

ಸ್ವಾತಂತ್ರ್ಯಾನಂತರ ಭಾರತಕ್ಕೆ ಬಂದ ಬಹು ದೊಡ್ಡ ನೆರವು ಅಮೆರಿಕದ ಪಿಎಲ್-480 ಕಾನೂನಿನಡಿ ಬಂದ ಗೋಧಿ. ಹಿರಿಯ ಓದುಗರಿಗೆ ಪಡಿತರದ ಕೆಂಪು ಗೋಧಿ, ಶಾಲೆಯ ಹಾಲಿನ ಪುಡಿಯ ನೆನಪಿರಬಹುದು. 1965 ಮತ್ತು 1966ರಲ್ಲಿ ಸತತ ಎರಡು ವರ್ಷ ಮಳೆ ಕೈಕೊಟ್ಟಾಗ, 1966ರಲ್ಲಿ ಭಾರತ ಒಂದು ಕೋಟಿ ಟನ್ನಿಗೂ ಹೆಚ್ಚು ಆಹಾರಧಾನ್ಯ ಆಮದು ಮಾಡಿಕೊಂಡಿತು. ಹಡಗಿನಿಂದ ಇಳಿದದ್ದು ನೇರ ತಟ್ಟೆಗೆ ಎಂಬ ಪರಿಸ್ಥಿತಿ ಅದು.

ಈ ಗೋಧಿ ಲಕ್ಷಾಂತರ ಜನರನ್ನು ಹಸಿವಿನಿಂದ ಕಾಪಾಡಿತು. ಆದರೆ ಅದಕ್ಕೆ ಬೆಲೆಯಿತ್ತು. ಅಧ್ಯಕ್ಷ ಲಿಂಡನ್ ಜಾನ್ಸನ್ ತಿಂಗಳು ತಿಂಗಳು ಅಳೆದು ತೂಗಿ ಹಡಗು ಬಿಟ್ಟರು. ವಿಯೆಟ್ನಾಂ ಯುದ್ಧದ ಕುರಿತು ಭಾರತದ ಮಾತು, ಕೃಷಿ ನೀತಿಯ ಬದಲಾವಣೆ ಎಲ್ಲವೂ ಆ ತೂಕದಲ್ಲಿ ಸೇರಿದ್ದವು. ನೆರವು ನೀಡುವ ದೇಶಗಳ ಒತ್ತಡದ ನಡುವೆ ಜೂನ್ 1966ರಲ್ಲಿ ರೂಪಾಯಿಯನ್ನು ಡಾಲರಿಗೆ 4.76ರಿಂದ 7.50ಕ್ಕೆ ಅಪಮೌಲ್ಯಗೊಳಿಸಲಾಯಿತು. ಈ ಅವಮಾನವೇ ಹಸಿರು ಕ್ರಾಂತಿಗೆ ವೇಗ ಕೊಟ್ಟಿತೆಂದು ಹಲವರು ಹೇಳುತ್ತಾರೆ. ತುಂಗಭದ್ರಾ ಅಚ್ಚುಕಟ್ಟಿನಂಥ ನೀರಾವರಿ ಪ್ರದೇಶಗಳು ಹೊಸ ತಳಿಗಳಿಗೆ ಸಿದ್ಧವಾಗಿದ್ದುದರಿಂದಲೇ ಅದು ಸಾಧ್ಯವಾಯಿತು ಎಂಬುದು ಗಮನಾರ್ಹ.

ಗೋಧಿಯ ಬೆಲೆಯನ್ನು ಭಾರತ ರೂಪಾಯಿಯಲ್ಲಿ ಪಾವತಿಸಿ ಅಮೆರಿಕದ ಖಾತೆಗೆ ಜಮಾ ಮಾಡುತ್ತಿತ್ತು. ಆ ಮೊತ್ತ ಬೆಳೆದು ಬೆಳೆದು ಬಳಸಲೂ ಆಗದ, ಬಿಡಲೂ ಆಗದ ಹೊರೆಯಾಯಿತು. ಕೊನೆಗೆ 1974ರಲ್ಲಿ ಅಮೆರಿಕದ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಅವರು 1,664 ಕೋಟಿ ರೂಪಾಯಿಗಳ ಚೆಕ್ಕನ್ನು ಭಾರತ ಸರ್ಕಾರಕ್ಕೆ ಹಸ್ತಾಂತರಿಸಿದರು. ಆ ಖಾತೆಯ ಹೆಚ್ಚಿನ ಭಾಗ ಹೀಗೆ ರದ್ದಾಯಿತು. ಭಾರತ ಪಡೆದ ಅತಿ ದೊಡ್ಡ ಸಾಲ ಪರಿಹಾರಗಳಲ್ಲಿ ಇದೂ ಒಂದು. ಆ ವೇಳೆಗೆ ದೇಶ ತನ್ನ ಅನ್ನವನ್ನು ತಾನೇ ಬೆಳೆಯುವ ದಾರಿ ಹಿಡಿದಿತ್ತು, ಹಾಗಾಗಿ ಅದೇ ಸಾಲ ಮರಳಿ ಬೆಳೆಯಲಿಲ್ಲ.

ಬಳ್ಳಾರಿಗೆ ಬಂದ ವಿಶ್ವಬ್ಯಾಂಕ್, ಎಡಿಬಿ ಹಣ

1990ರ ದಶಕದಿಂದ ಬಳ್ಳಾರಿ ಜಿಲ್ಲೆಗೆ ಹೊರಗಿನ ಹಣ ಮುಖ್ಯವಾಗಿ ಯೋಜನೆಗಳ ರೂಪದಲ್ಲಿ ಬಂತು. ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯ ಎರಡನೇ ಹಂತದಲ್ಲಿ ಬಳ್ಳಾರಿಯೂ ಸೇರಿತ್ತು. ಡಿಪಿಇಪಿ ಎಂದೇ ಪರಿಚಿತವಾದ ಆ ಯೋಜನೆಯಲ್ಲಿ ಕಟ್ಟಿದ ಶಾಲಾ ಕೊಠಡಿಗಳು, ನಡೆದ ಶಿಕ್ಷಕರ ತರಬೇತಿಗಳು ಹಳೆಯ ಶಿಕ್ಷಕರ ನೆನಪಿನಲ್ಲಿವೆ. 2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಗೆ ವಿಶ್ವಬ್ಯಾಂಕ್ ಸಾಲ ನೀಡಿತು. ಜಲಸಂವರ್ಧನೆ ಯೋಜನಾ ಸಂಘದ ಮೂಲಕ ನಡೆದ ಈ ಕೆಲಸದಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ರಚಿಸಿ, ಹೂಳೆತ್ತಿ, ಏರಿ ಭದ್ರಪಡಿಸಿ, ಮುಂದಿನ ನಿರ್ವಹಣೆಯನ್ನು ಊರವರಿಗೇ ವಹಿಸುವುದು ಉದ್ದೇಶವಾಗಿತ್ತು. ಸಂಘ ಜೀವಂತವಾಗಿ ಉಳಿದ ಕಡೆ ಕೆರೆ ಉಳಿಯುತ್ತದೆ, ಯೋಜನೆ ಮುಗಿದೊಡನೆ ಸಂಘವೂ ಮಲಗಿದರೆ ಹೂಳು ಮತ್ತೆ ತುಂಬುತ್ತದೆ.

ಮಂಗಳೂರು, ಉಡುಪಿಯ ಓದುಗರಿಗೆ ಕುಡ್ಸೆಂಪ್ ಹೆಸರು ಹೊಸದಲ್ಲ. 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ 17.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿದ ಆ ಯೋಜನೆಯಲ್ಲಿ ಕರಾವಳಿಯ ಪಟ್ಟಣಗಳ ನೀರು, ಒಳಚರಂಡಿ ಕೆಲಸ ನಡೆಯಿತು. ಅದೇ ಬ್ಯಾಂಕಿನಿಂದ 2006ರಲ್ಲಿ ಉತ್ತರ ಕರ್ನಾಟಕ ನಗರ ವಲಯ ಹೂಡಿಕೆ ಕಾರ್ಯಕ್ರಮಕ್ಕೆ 27 ಕೋಟಿ ಡಾಲರ್ ಸಾಲ ಒದಗಿತು. ಅದರಲ್ಲಿ ಬಳ್ಳಾರಿ ನಗರವೂ ಸೇರಿತ್ತು. ಕೊಳವೆಗಳು ಬಂದವು. ಜೊತೆಗೆ ನೀರಿನ ದರ, ಆಸ್ತಿ ತೆರಿಗೆಯ ಸುಧಾರಣೆಯ ಮಾತೂ ಬಂತು. ಏಕೆಂದರೆ ಇದು ದಾನವಲ್ಲ, ತೀರಿಸಬೇಕಾದ ಸಾಲ.

ಇನ್ನೊಂದು ಬಗೆಯ ಸಾಲವೂ ಇದೆ. 2001ರಲ್ಲಿ 15 ಕೋಟಿ ಡಾಲರ್ ಮತ್ತು 2002ರಲ್ಲಿ 10 ಕೋಟಿ ಡಾಲರ್ ವಿಶ್ವಬ್ಯಾಂಕಿನಿಂದ ಕರ್ನಾಟಕದ ಆರ್ಥಿಕ ಪುನಾರಚನೆಗೆಂದು ಬಂತು. ಇದು ಕಟ್ಟಡಕ್ಕಲ್ಲ, ಆಡಳಿತದ ಸುಧಾರಣೆಗೆ ಕೊಟ್ಟ ಹಣ. ರಾಜ್ಯ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ತಂದಿತು. ಆ ಕಾಲದ ವಿದ್ಯುತ್ ಸುಧಾರಣೆಯಲ್ಲಿ ಕೆಪಿಟಿಸಿಎಲ್‌ನಿಂದ ವಿತರಣಾ ಕಂಪನಿಗಳು ಬೇರೆಯಾದವು. ಇಂದು ಬಳ್ಳಾರಿಯ ಮನೆಗಳಿಗೆ ಬರುವ ಬಿಲ್ಲಿನ ಮೇಲಿರುವ ಜೆಸ್ಕಾಂ ಹೆಸರು ಹೀಗೆ 2002ರಲ್ಲಿ ಬಂದದ್ದು. ದೂರದ ವಾಷಿಂಗ್ಟನ್ನಿನ ಮಾತುಕತೆ ಕುರುಗೋಡಿನ ಪಂಪ್‌ಸೆಟ್ಟಿನವರೆಗೆ ತಲುಪುವ ಬಗೆ ಇದು.

ಈ ಹಣ ರಾಜ್ಯಕ್ಕೆ ನೇರವಾಗಿ ಬರುವುದಿಲ್ಲ. ಸಾಲ ಪಡೆಯುವುದು ಕೇಂದ್ರ ಸರ್ಕಾರ. 2005ರವರೆಗೆ ಕೇಂದ್ರವು ಅದನ್ನು ಸಾಮಾನ್ಯ ರಾಜ್ಯಗಳಿಗೆ ಶೇ. 70 ಸಾಲ, ಶೇ. 30 ಅನುದಾನವಾಗಿ, ತನ್ನದೇ ಬಡ್ಡಿದರದಲ್ಲಿ ವರ್ಗಾಯಿಸುತ್ತಿತ್ತು. ಹೊರಗೆ ಅಗ್ಗವಾಗಿದ್ದ ಸಾಲ ರಾಜ್ಯಕ್ಕೆ ತಲುಪುವಾಗ ಅಷ್ಟು ಅಗ್ಗವಾಗಿರುತ್ತಿರಲಿಲ್ಲ. ಹನ್ನೆರಡನೇ ಹಣಕಾಸು ಆಯೋಗದ ಶಿಫಾರಸಿನ ನಂತರ ಮೂಲ ಷರತ್ತಿನಲ್ಲೇ ಸಾಲ ವರ್ಗಾವಣೆಯಾಗುತ್ತಿದೆ, ಆದರೆ ವಿನಿಮಯ ದರದ ಅಪಾಯವೂ ರಾಜ್ಯದ ಹೆಗಲಿಗೆ ಬಂದಿದೆ. 1990ರಲ್ಲಿ ಡಾಲರಿಗೆ ಸುಮಾರು 17 ರೂ. ಇದ್ದುದು 2025ರಲ್ಲಿ 85 ರೂ. ದಾಟಿತು. ರೂಪಾಯಿಯಲ್ಲಿ ತೆರಿಗೆ ಸಂಗ್ರಹಿಸಿ ಡಾಲರಿನಲ್ಲಿ ಸಾಲ ತೀರಿಸುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಅದಿರಿನ ಊರು, ತಾಮ್ರದ ದೇಶ

1991ರಲ್ಲಿ ವಿದೇಶಿ ವಿನಿಮಯ ಬರಿದಾದಾಗ ಭಾರತ 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಅಡವಿಟ್ಟಿತು. ಐಎಂಎಫ್ ಸಾಲದೊಂದಿಗೆ ಆರ್ಥಿಕ ಉದಾರೀಕರಣ ಬಂತು. 1993ರ ಖನಿಜ ನೀತಿ ಗಣಿಗಾರಿಕೆಯನ್ನು ಖಾಸಗಿಯವರಿಗೆ ಹೆಚ್ಚು ತೆರೆಯಿತು. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಬಳ್ಳಾರಿಯ ಅದಿರಿಗೆ ಚಿನ್ನದ ಬೆಲೆ ಬಂತು. 2011ರಲ್ಲಿ ಲೋಕಾಯುಕ್ತ ವರದಿ ಹೊರಬಂದು ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಸಾಲ ಮಾಡಿ ಲಾರಿ ಕೊಂಡವರು, ದಿನಗೂಲಿಯವರು ಬೀದಿಗೆ ಬಿದ್ದರು.

ಆಫ್ರಿಕಾದ ಜಾಂಬಿಯಾ ದೇಶದ ಕಥೆ ಇದರದೇ ದೊಡ್ಡ ರೂಪ. 1970ರ ದಶಕದಲ್ಲಿ ತಾಮ್ರದ ಬೆಲೆ ಕುಸಿದಾಗ ಅದು ಸಾಲದಲ್ಲಿ ಮುಳುಗಿತು. ವಿಶ್ವಬ್ಯಾಂಕ್ ಮತ್ತು ಐಎಂಎಫ್ 1996ರಲ್ಲಿ ಆರಂಭಿಸಿದ, ಅತಿ ಸಾಲಗ್ರಸ್ತ ಬಡ ರಾಷ್ಟ್ರಗಳ ಯೋಜನೆಯಡಿ 2005ರಲ್ಲಿ ಜಾಂಬಿಯಾಕ್ಕೆ ಸಾಲ ಪರಿಹಾರ ಪೂರ್ಣವಾಯಿತು. ಏಪ್ರಿಲ್ 2006ರಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರಗಳ ಶುಲ್ಕವನ್ನು ಆ ಸರ್ಕಾರ ರದ್ದುಪಡಿಸಿತು. ಬಡ ತಾಯಂದಿರು ಕಾಸಿಲ್ಲದೆ ಮಗುವನ್ನು ಆಸ್ಪತ್ರೆಗೆ ತರುವಂತಾಯಿತು. ಆದರೆ 2012ರಿಂದ ಜಾಂಬಿಯಾ ವಾಣಿಜ್ಯ ಬಾಂಡ್‌ಗಳ ಮೂಲಕ ದುಬಾರಿ ಸಾಲ ತಂದಿತು. ತಾಮ್ರದ ಅವಲಂಬನೆ ಹಾಗೆಯೇ ಇತ್ತು. ನವೆಂಬರ್ 2020ರಲ್ಲಿ ಮತ್ತೆ ಸಾಲ ತೀರಿಸಲಾಗದೆ ಕೈಚೆಲ್ಲಿತು. 2023ರಲ್ಲಿ ಸರ್ಕಾರಿ ಸಾಲಗಾರರೊಂದಿಗೆ 630 ಕೋಟಿ ಡಾಲರ್ ಸಾಲದ ಮರುಹೊಂದಾಣಿಕೆ ಕುದುರಿತು.

ಹಾಗೆಂದು ಸಾಲ ಪರಿಹಾರ ವ್ಯರ್ಥವೆಂದಲ್ಲ. ಆ ಯೋಜನೆಯಡಿ 2023ರ ಅಂತ್ಯದ ವೇಳೆಗೆ 37 ದೇಶಗಳು ಪರಿಹಾರ ಪಡೆದವು. ಬಡ್ಡಿಗೆ ಹೋಗುತ್ತಿದ್ದ ಹಣದ ಒಂದು ಭಾಗವನ್ನು ಉಗಾಂಡಾ ಪ್ರಾಥಮಿಕ ಶಿಕ್ಷಣ, ಕುಡಿಯುವ ನೀರಿಗೆ ತಿರುಗಿಸಿತು. 2001ರಲ್ಲಿ ತಾಂಜಾನಿಯಾ ಪ್ರಾಥಮಿಕ ಶಾಲೆಗಳ ಶುಲ್ಕವನ್ನು ರದ್ದುಪಡಿಸಿತು.

ಇದಕ್ಕಾಗಿ ಜಗತ್ತಿನಾದ್ಯಂತ ನಡೆದ ಜುಬಿಲಿ 2000 ಆಂದೋಲನವನ್ನು ಇಲ್ಲಿ ಸ್ಮರಿಸಬೇಕು. ಐವತ್ತನೇ ವರ್ಷದಲ್ಲಿ ಕಳೆದುಕೊಂಡ ಭೂಮಿ ಮೂಲ ಕುಟುಂಬಕ್ಕೆ ಮರಳಬೇಕು, ಸಾಲಕ್ಕೆ ಆಳಾದವನು ಬಿಡುಗಡೆಯಾಗಬೇಕು ಎಂಬ ಬೈಬಲಿನ ಯಾಜಕಕಾಂಡದ ಆಶಯವೇ ಅದರ ಹೆಸರಿನ ಮೂಲ. ಪೋಪ್ ಎರಡನೇ ಜಾನ್ ಪಾಲ್ ಅವರು 1994ರಲ್ಲೇ ಈ ಬಗ್ಗೆ ಪ್ರಸ್ತಾಪಿಸಿದ್ದರು. 2025ರ ಜುಬಿಲಿ ವರ್ಷಕ್ಕೆ ಮುನ್ನ ಪೋಪ್ ಫ್ರಾನ್ಸಿಸ್ ಅವರೂ ಸಾಲ ಪರಿಹಾರಕ್ಕೆ ಕರೆ ನೀಡಿದ್ದರು.

ರೈತರ ಸಾಲ ಮನ್ನಾ: ಹತ್ತಿರದ ಅನುಭವ

ದೇಶಗಳ ಸಾಲ ಮನ್ನಾ ದೂರದ ವಿಷಯವೆನಿಸಬಹುದು. ರೈತರ ಸಾಲ ಮನ್ನಾ ನಮ್ಮೆಲ್ಲರ ಕಣ್ಣ ಮುಂದೆ ನಡೆದದ್ದು. ಫೆಬ್ರವರಿ 2008ರ ಕೇಂದ್ರ ಬಜೆಟ್‌ನಲ್ಲಿ ಪಿ. ಚಿದಂಬರಂ ಅವರು ಘೋಷಿಸಿದ ಯೋಜನೆಯಲ್ಲಿ ಎರಡು ಹೆಕ್ಟೇರ್‌ವರೆಗಿನ ರೈತರ ಸುಸ್ತಿ ಸಾಲ ಪೂರ್ತಿ ಮನ್ನಾ ಆಯಿತು. ಉಳಿದವರು ಶೇ. 75 ಕಟ್ಟಿದರೆ ಶೇ. 25 ಮನ್ನಾ. 2013ರಲ್ಲಿ ಸಿಎಜಿ ವರದಿಯು ಅರ್ಹರು ಬಿಟ್ಟುಹೋಗಿದ್ದನ್ನೂ ಅನರ್ಹರು ಸೇರಿದ್ದನ್ನೂ ಎತ್ತಿ ತೋರಿಸಿತು. ರಾಜ್ಯದಲ್ಲಿ ಜೂನ್ 2017ರಲ್ಲಿ ಸಿದ್ದರಾಮಯ್ಯ ಸರ್ಕಾರ ಸಹಕಾರಿ ಸಂಘಗಳ ಅಲ್ಪಾವಧಿ ಬೆಳೆಸಾಲದಲ್ಲಿ ತಲಾ 50,000 ರೂ.ವರೆಗೆ, ಒಟ್ಟು 8,165 ಕೋಟಿ ರೂ. ಮನ್ನಾ ಪ್ರಕಟಿಸಿತು. ಜುಲೈ 2018ರಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರು 34,000 ಕೋಟಿ ರೂ. ಮನ್ನಾ ಘೋಷಿಸಿದರು.

ಈ ಯೋಜನೆಗಳು ಸೊಸೈಟಿ ಮತ್ತು ಬ್ಯಾಂಕಿನ ಸಾಲಕ್ಕೆ ಮಾತ್ರ ಅನ್ವಯ. ಪಹಣಿ ತನ್ನ ಹೆಸರಿನಲ್ಲಿಲ್ಲದ ಗೇಣಿ ರೈತನಿಗೆ ಬ್ಯಾಂಕ್ ಸಾಲ ಸಿಗುವುದೇ ದುರ್ಲಭ. ಅವನ ಸಾಲವಿರುವುದು ದಲಾಲಿ ಅಂಗಡಿ, ಗೊಬ್ಬರದ ಅಂಗಡಿಯಲ್ಲಿ. ಅದನ್ನು ಯಾವ ಬಜೆಟ್ಟೂ ಮುಟ್ಟುವುದಿಲ್ಲ. ಕಾಲುವೆಯ ಕೊನೆಯ ಭಾಗದ ರೈತನಿಗೆ ಮನ್ನಾ ಸಿಕ್ಕರೂ ಮುಂದಿನ ಹಂಗಾಮಿಗೆ ನೀರು ತಲುಪದಿದ್ದರೆ ಸಾಲ ಮತ್ತೆ ಹುಟ್ಟುತ್ತದೆ. ಅಚ್ಚುಕಟ್ಟಿನ ಸವುಳು ಭೂಮಿಯಲ್ಲಿ ಇಳುವರಿ ಕುಸಿದ ರೈತನ ಸ್ಥಿತಿಯೂ ಇದೇ. ಮೆಣಸಿನಕಾಯಿ, ಹತ್ತಿಯ ಬೆಲೆ ಒಂದು ವರ್ಷ ಏರಿ ಮರುವರ್ಷ ಬಿದ್ದರೆ ಕುರುಗೋಡಿನ ರೈತ ಜಾಂಬಿಯಾದಂತೆಯೇ ಹಳೆಯ ಜಾಗಕ್ಕೆ ಮರಳುತ್ತಾನೆ.

ಪಡೆಯುವ ದೇಶದಿಂದ ಕೊಡುವ ದೇಶಕ್ಕೆ

2003ರಲ್ಲಿ ಭಾರತ ಸಣ್ಣ ಪ್ರಮಾಣದ ದ್ವಿಪಕ್ಷೀಯ ನೆರವನ್ನು ಸರ್ಕಾರದ ಮಟ್ಟದಲ್ಲಿ ಪಡೆಯುವುದನ್ನು ನಿಲ್ಲಿಸಿತು. ಅದೇ ಹೊತ್ತಿಗೆ ಮೊಜಾಂಬಿಕ್, ತಾಂಜಾನಿಯಾ ಮೊದಲಾದ ಬಡ ದೇಶಗಳು ತನಗೆ ಕೊಡಬೇಕಿದ್ದ ಸಾಲವನ್ನು ಮನ್ನಾ ಮಾಡಿತು. 2014ರಲ್ಲಿ ಭಾರತ ಐಡಿಎ ಸಾಲದ ಅರ್ಹತೆಯ ಮಿತಿ ದಾಟಿತು. 2022ರಲ್ಲಿ ಶ್ರೀಲಂಕಾ ಸಾಲ ತೀರಿಸಲಾಗದೆ ಕುಸಿದಾಗ ಸುಮಾರು 400 ಕೋಟಿ ಡಾಲರ್ ಮೊತ್ತದ ಸಹಾಯ ಒದಗಿಸಿದ್ದು ಭಾರತವೇ.

ಸ್ವಯಂಸೇವಾ ಸಂಸ್ಥೆಗಳಿಗೆ ಬರುವ ವಿದೇಶಿ ದೇಣಿಗೆಯ ದಾರಿ ಬೇರೆ. ಬಳ್ಳಾರಿಯ ನೆರೆಯ ಅನಂತಪುರದಲ್ಲಿ ವಿನ್ಸೆಂಟ್ ಫೆರರ್ ಅವರು 1969ರಲ್ಲಿ ಆರಂಭಿಸಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಸ್ಪೇನಿನ ಸಾಮಾನ್ಯ ಕುಟುಂಬಗಳ ದೇಣಿಗೆಯಿಂದ ಆಸ್ಪತ್ರೆ, ಶಾಲೆ, ಮನೆಗಳನ್ನು ಕಟ್ಟಿತು. ಇಂಥ ಹಣ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ಒಳಪಡುತ್ತದೆ. 1976ರ ಕಾಯ್ದೆಯ ಬದಲಿಗೆ 2010ರಲ್ಲಿ ಹೊಸ ಕಾಯ್ದೆ ಬಂತು. 2020ರ ತಿದ್ದುಪಡಿಯಂತೆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20 ಮೀರಬಾರದು, ಒಂದು ಸಂಸ್ಥೆ ಇನ್ನೊಂದಕ್ಕೆ ಆ ಹಣ ವರ್ಗಾಯಿಸಬಾರದು. ಹಳ್ಳಿಗಳ ಸಣ್ಣ ಸಂಸ್ಥೆಗಳಿಗೆ ಕೊನೆಯ ನಿಯಮ ಹೆಚ್ಚು ಕಷ್ಟ ತಂದಿದೆ.

ಕೊಡುವವರ ಮನಸ್ಸು ಬದಲಾದರೆ ಏನಾಗುತ್ತದೆ ಎಂಬುದಕ್ಕೆ 2025 ಸಾಕ್ಷಿಯಾಯಿತು. ಅಮೆರಿಕದ ಯುಎಸ್‌ಏಡ್ ಸಂಸ್ಥೆಯ ಕಾರ್ಯ ಜುಲೈ 1ರಂದು ಅಂತ್ಯಗೊಂಡಿತು. ಅದನ್ನೇ ನಂಬಿದ್ದ ಚಿಕಿತ್ಸಾಲಯಗಳು ಹಲವು ದೇಶಗಳಲ್ಲಿ ಬಾಗಿಲು ಹಾಕಿದವು. ಅದೇ ವರ್ಷ ವಿಶ್ವಸಂಸ್ಥೆಯ ಅಂಕಟಾಡ್ ಸಂಸ್ಥೆ, ಆರೋಗ್ಯ ಅಥವಾ ಶಿಕ್ಷಣಕ್ಕಿಂತ ಬಡ್ಡಿಗೇ ಹೆಚ್ಚು ಖರ್ಚು ಮಾಡುವ ದೇಶಗಳಲ್ಲಿ 340 ಕೋಟಿ ಜನ ಬದುಕುತ್ತಿದ್ದಾರೆಂದು ತಿಳಿಸಿತು.

ಕೇಳಬೇಕಾದ ಪ್ರಶ್ನೆಗಳು

ಆದ್ದರಿಂದ ನೆರವು ಅಥವಾ ಸಾಲ ಮನ್ನಾದ ಸುದ್ದಿ ಬಂದಾಗ ಮೊತ್ತ ಎಷ್ಟೆಂದು ಕೇಳಿ ಸುಮ್ಮನಾಗುವುದು ಸಾಲದು. ಇದು ದಾನವೋ, ಸಾಲವೋ? ಯಾವ ನಾಣ್ಯದಲ್ಲಿ, ಎಷ್ಟು ವರ್ಷಕ್ಕೆ? ಷರತ್ತು ಹಾಕಿದವರು ಯಾರು, ಒಪ್ಪಿದವರು ಯಾರು? ಬಡವರಲ್ಲಿ ಬಡವನಾದವನ ಹೆಸರು ಪಟ್ಟಿಯಲ್ಲಿದೆಯೇ? ಹಣ ನಿಂತ ಮೇಲೆ ಏನು ಉಳಿಯುತ್ತದೆ, ಉಳಿದದ್ದನ್ನು ನೋಡಿಕೊಳ್ಳುವವರು ಯಾರು?

ಕೊನೆಯ ಪ್ರಶ್ನೆಯ ಮಹತ್ವವನ್ನು ತುಂಗಭದ್ರೆಯೇ ತೋರಿಸಿಕೊಟ್ಟಳು. 133 ಟಿಎಂಸಿ ಸಾಮರ್ಥ್ಯದ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. 10 ಆಗಸ್ಟ್ 2024ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ನೀರು ನದಿಗೆ ಹರಿಯುತ್ತಿದ್ದ ಆ ದಿನಗಳಲ್ಲಿ ಸಿರುಗುಪ್ಪ, ಕುರುಗೋಡಿನ ರೈತರು ನಾಟಿ ಮಾಡಿದ ಗದ್ದೆಯ ಗತಿಯೇನೆಂದು ಕಂಗಾಲಾಗಿದ್ದರು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲವೇ ದಿನಗಳಲ್ಲಿ ತಾತ್ಕಾಲಿಕ ಗೇಟು ಅಳವಡಿಸಿ ನೀರು ಉಳಿಸಲಾಯಿತು. ಬಳಿಕ ಎಲ್ಲ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. ಎಪ್ಪತ್ತು ವರ್ಷ ಅನ್ನ ಕೊಟ್ಟ ಆಸ್ತಿಗೂ ಪ್ರತಿವರ್ಷದ ದುರಸ್ತಿ, ಅದಕ್ಕೆ ಹಣ, ಅದಕ್ಕೆ ಹೊಣೆಗಾರರು ಬೇಕು. ಹೊರಗಿನ ಹಣದಿಂದ ಕಟ್ಟಿದ ಶಾಲೆ, ಕೆರೆ, ಕೊಳವೆಗಳಿಗೂ ಇದೇ ಮಾತು ಸಲ್ಲುತ್ತದೆ.